ನೀರುಹಕ್ಕಿಗಳ ಪರ ನಿಂತ ಸಲೀಂ ಅಲಿ

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿಗೆ ಹೋದವರು ದೋಣಿಯಲ್ಲಿ ಕುಳಿತು ಬಣ್ಣದ ಕೊಕ್ಕರೆ, ಬೆಳ್ಳಕ್ಕಿಗಳನ್ನು ಕಣ್ತುಂಬಿಕೊಂಡು ಮರಳುತ್ತಾರೆ. ಕಾವೇರಿಯ ನಡುವಿನ ಆ ಪುಟ್ಟ ನಡುಗಡ್ಡೆಗಳು ಪಕ್ಷಿಧಾಮವಾದದ್ದರ ಹಿಂದೆ ಮುಂಬೈಯ ಒಬ್ಬ ಪಕ್ಷಿವಿಜ್ಞಾನಿಯ ಕಳಕಳಿಯಿದೆ. ಹಕ್ಕಿ ಉಳಿಯಬೇಕಾದರೆ ಅದು ನೆಲೆಸಿದ ನೀರು ಉಳಿಯಬೇಕು ಎಂಬುದನ್ನು ಅರಸರಿಗೂ, ಪ್ರಧಾನಿಗೂ, ಜನಸಾಮಾನ್ಯರಿಗೂ ಮನದಟ್ಟು ಮಾಡಿಕೊಡಲು ಯತ್ನಿಸಿದ ಅವರೇ ಡಾ. ಸಲೀಂ ಅಲಿ.

1896ರ ನವೆಂಬರ್ 12ರಂದು ಮುಂಬೈಯಲ್ಲಿ ಜನಿಸಿದ ಸಲೀಂ ಅಲಿ ಎಳವೆಯಲ್ಲಿಯೇ ತಂದೆ-ತಾಯಿಯನ್ನು ಕಳೆದುಕೊಂಡು ಸೋದರಮಾವ ಅಮೀರುದ್ದೀನ್ ತಯ್ಯಬ್ಜಿ ಅವರ ಆಶ್ರಯದಲ್ಲಿ ಬೆಳೆದರು. ಬಾಲ್ಯದಲ್ಲಿ ಆಟದ ಬಂದೂಕಿನಿಂದ ಹೊಡೆದುರುಳಿಸಿದ ಗುಬ್ಬಚ್ಚಿಯೊಂದರ ಕುತ್ತಿಗೆಯಲ್ಲಿ ಹಳದಿ ಕಲೆ ಕಂಡು ಅಚ್ಚರಿಗೊಂಡ ಹುಡುಗ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲು ತಟ್ಟಿದ. ಅಲ್ಲಿನ ಕಾರ್ಯದರ್ಶಿ ಮಿಲಾರ್ಡ್ ಅವರು ಹಕ್ಕಿಯ ಗುರುತು ಹೇಳಿದ್ದಲ್ಲದೆ ಸಂಗ್ರಹಾಲಯದ ಹಕ್ಕಿಗಳನ್ನೆಲ್ಲ ತೋರಿಸಿದರು. ಬೇಟೆಯ ಕುತೂಹಲ ಅಧ್ಯಯನದ ಹಂಬಲವಾಗಿ ತಿರುಗಿದ್ದು ಹೀಗೆ.

ಬರ್ಮಾದಲ್ಲಿ ಕುಟುಂಬದ ವ್ಯವಹಾರ ನೋಡಿಕೊಂಡು, ಮುಂಬೈಯ ವಸ್ತುಸಂಗ್ರಹಾಲಯದಲ್ಲಿ ದುಡಿದು, ಬರ್ಲಿನ್‌ನಲ್ಲಿ ಎರ್ವಿನ್ ಸ್ಟ್ರೆಸೆಮನ್ ಅವರ ಬಳಿ ತರಬೇತಿ ಪಡೆದು 1930ರಲ್ಲಿ ಮರಳಿದಾಗ ಅವರ ಹುದ್ದೆಯೇ ರದ್ದಾಗಿತ್ತು. ಎದೆಗುಂದದ ಸಲೀಂ ಅಲಿ, ಸಂಬಳ ಬೇಡ, ಪ್ರವಾಸದ ಖರ್ಚು ಕೊಟ್ಟರೆ ಸಾಕು ಎಂಬ ಷರತ್ತಿನ ಮೇಲೆ ದೇಶೀಯ ಸಂಸ್ಥಾನಗಳ ಪಕ್ಷಿ ಸಮೀಕ್ಷೆಗೆ ಮುಂದಾದರು. ಪತ್ನಿ ತೆಹ್ಮಿನಾ ಈ ಅಲೆದಾಟದಲ್ಲಿ ಜೊತೆಯಾದರು. 1939ರಲ್ಲಿ ಆಕೆ ತೀರಿಕೊಂಡರು. ಆ ದುಃಖದ ನಡುವೆಯೂ ಅವರು ಮೈಸೂರು ಸಂಸ್ಥಾನದ ಸಮೀಕ್ಷೆಯನ್ನು ನಡೆಸಿದರು. ರಂಗನತಿಟ್ಟಿನ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು ಅರಸರ ಮನವೊಲಿಸಿದರು. 1940ರಲ್ಲಿ ಪಕ್ಷಿಧಾಮದ ಘೋಷಣೆಯಾಯಿತು. 1941ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಕುರಿತ ಅವರ ಸಚಿತ್ರ ಗ್ರಂಥ, ಪಕ್ಷಿವೀಕ್ಷಣೆಯನ್ನು ತಜ್ಞರ ಕೋಣೆಯಿಂದ ಸಾಮಾನ್ಯ ಓದುಗರ ಅಂಗಳಕ್ಕೆ ತಂದಿತು.

ರಾಜಸ್ಥಾನದ ಭರತ್‌ಪುರದಲ್ಲಿ ಎದುರಾದದ್ದು ಇನ್ನೂ ದೊಡ್ಡ ಸವಾಲು. ಅಲ್ಲಿನ ಕೇವಲಾದೇವ್ ಜೌಗು ಪ್ರದೇಶ ಅರಸರ ಬೇಟೆಯ ತಾಣ. 1938ರಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋ ಬಂದಾಗ ಒಂದೇ ದಿನ 4,273 ಹಕ್ಕಿಗಳು ಗುಂಡಿಗೆ ಬಲಿಯಾಗಿದ್ದವು. ಸ್ವಾತಂತ್ರ್ಯಾನಂತರ ನೀರು ಬತ್ತಿಸಿ ಹೊಲ ಮಾಡಬೇಕೆಂಬ ಒತ್ತಾಯ ಕೇಳಿಬಂದಾಗ ಸಲೀಂ ಅಲಿ ಪ್ರಧಾನಿ ನೆಹರೂ ಅವರವರೆಗೂ ಅಹವಾಲು ಕೊಂಡೊಯ್ದರು. ಜೌಗು ಉಳಿಯಿತು. 1981ರಲ್ಲಿ ಒಡಿಶಾದ ಚಿಲಿಕಾ ಸರೋವರದೊಂದಿಗೆ ಭಾರತದ ಮೊದಲ ರಾಮ್‌ಸಾರ್ ತಾಣವೆಂಬ ಮಾನ್ಯತೆ ಪಡೆಯಿತು.

ಆದರೆ ಈ ಕಥೆಗೆ ನೋವಿನ ಅಧ್ಯಾಯವೂ ಇದೆ. ಜಾನುವಾರು ಮೇಯಿಸುವುದು ಹಕ್ಕಿಗಳಿಗೆ ಮಾರಕವೆಂಬುದು ಸಲೀಂ ಅಲಿ ಹಾಗೂ ಅವರ ಸೊಸೈಟಿಯ ನಿಲುವಾಗಿತ್ತು. 1982ರಲ್ಲಿ ರಾಷ್ಟ್ರೀಯ ಉದ್ಯಾನದಲ್ಲಿ ಮೇಯಿಸುವುದು ನಿಷೇಧವಾದಾಗ ಸುತ್ತಲ ಹಳ್ಳಿಗರು ಪ್ರತಿಭಟಿಸಿದರು. ಪೊಲೀಸರ ಗುಂಡಿಗೆ ಹಲವರು ಪ್ರಾಣ ತೆತ್ತರು. ವಿಪರ್ಯಾಸವೆಂದರೆ, ಅದೇ ಸೊಸೈಟಿಯ ದೀರ್ಘಕಾಲದ ಅಧ್ಯಯನ ಬೇರೆಯದನ್ನೇ ತೋರಿಸಿತು. ಎಮ್ಮೆಗಳು ಮೇಯದ ಮೇಲೆ ಹುಲ್ಲು ಅಡ್ಡಾದಿಡ್ಡಿ ಬೆಳೆದು ನೀರನ್ನೇ ಮುಚ್ಚಿತ್ತು. ಬಾತುಗಳಿಗೆ ಈಜಲು ತಾವಿಲ್ಲದಂತಾಗಿತ್ತು. ಬಳಿಕ ಹುಲ್ಲು ಕೊಯ್ದೊಯ್ಯಲು ಹಳ್ಳಿಗರಿಗೇ ಅವಕಾಶ ನೀಡಬೇಕಾಯಿತು. ಒಬ್ಬ ಮಹಾನ್ ವಿಜ್ಞಾನಿಯ ಅಂದಾಜು ಇಲ್ಲಿ ತಪ್ಪಿತ್ತು. ಅದನ್ನು ಬಯಲು ಮಾಡಿದ್ದು ಅವರೇ ಬೆಳೆಸಿದ ಅಧ್ಯಯನದ ಪರಂಪರೆ.

ಹಾಗೆ ನೋಡಿದರೆ ಈ ಎರಡು ತಾಣಗಳೂ ಮನುಷ್ಯರ ಕೈಯಿಂದಲೇ ಆದವು. ರಂಗನತಿಟ್ಟಿನ ನಡುಗಡ್ಡೆಗಳು ಮೂಡಿದ್ದು 17ನೇ ಶತಮಾನದಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಒಡ್ಡು ಕಟ್ಟಿಸಿದಾಗ. ಭರತ್‌ಪುರದ ಜೌಗು ರೂಪುಗೊಂಡದ್ದು 18ನೇ ಶತಮಾನದಲ್ಲಿ ಸೂರಜ್ ಮಲ್ ಕಟ್ಟಿಸಿದ ಒಡ್ಡಿನಿಂದ. ಇಂಥ ನೀರನ್ನು ಬೇಲಿಯಷ್ಟೇ ಕಾಯಲಾರದು. ಗಂಭೀರಿ ನದಿಯ ನೀರು ಮೇಲ್ಭಾಗದ ಪಂಚನಾ ಅಣೆಕಟ್ಟೆಯಲ್ಲಿ ನಿಂತಾಗ 2000ರ ದಶಕದಲ್ಲಿ ಭರತ್‌ಪುರ ಒಣಗಿ, ಹಕ್ಕಿಗಳು ದೂರವಾದವು. ಕಾನೂನು ಗಡಿ ಹಾಕಬಲ್ಲದು. ನೀರು ಹರಿದುಬರಲು ಗಡಿಯಾಚೆಯ ರೈತರ ಸಮ್ಮತಿ ಬೇಕು.

ಪದ್ಮಭೂಷಣ, ಪದ್ಮವಿಭೂಷಣ, ರಾಜ್ಯಸಭಾ ಸದಸ್ಯತ್ವದ ಗೌರವಗಳನ್ನು ಪಡೆದ ಸಲೀಂ ಅಲಿ 1987ರಲ್ಲಿ, ತಮ್ಮ 90ನೇ ವಯಸ್ಸಿನಲ್ಲಿ ನಿಧನರಾದರು. ಅವರು ಗುರುತಿಸಿದ ರಂಗನತಿಟ್ಟು 2022ರಲ್ಲಿ ಕರ್ನಾಟಕದ ಮೊದಲ ರಾಮ್‌ಸಾರ್ ತಾಣವಾಯಿತು. 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಉತ್ತರ ಕನ್ನಡದ ಅಘನಾಶಿನಿ ಅಳಿವೆ ಆ ಪಟ್ಟಿ ಸೇರಿದವು. ಮಾಗಡಿ, ಅಂಕಸಮುದ್ರಗಳೂ ಹಿಂದಿನವರು ಬೇಸಾಯಕ್ಕೆಂದು ಕಟ್ಟಿದ ಕೆರೆಗಳೇ. ನಗರಗಳ ಅಂಚಿನಲ್ಲಿ ಹೂಳು, ಕೊಳಚೆ, ಒತ್ತುವರಿಗಳ ನಡುವೆ ಉಸಿರು ಹಿಡಿದಿರುವ ಅಂಥ ಕೆರೆಗಳು ಇನ್ನೂ ಅನೇಕ ಇವೆ. ಅವುಗಳಿಗೆ ಯಾವ ಅಂತಾರಾಷ್ಟ್ರೀಯ ಮಾನ್ಯತೆಯೂ ಇಲ್ಲ. ಅವುಗಳನ್ನು ಕಾಯಬೇಕಾದವರು ದಂಡೆಯಲ್ಲಿ ವಾಸಿಸುವ ಜನರೇ.