ಗುಲಾಬಿಯ ಕಾವ್ಯವೂ ಕ್ರಿಸ್ತೀನಳೂ

ಮಧ್ಯಯುಗದ ಫ್ರಾನ್ಸಿನಲ್ಲಿ ‘ರೋಮಾಂ ದ ಲಾ ರೋಜ್’ ಎಂಬ ಪ್ರೇಮಕಾವ್ಯದಷ್ಟು ಮೆರೆದ ಗ್ರಂಥಗಳು ಕೆಲವೇ. 1230ರ ಸುಮಾರಿನಲ್ಲಿ ಗಿಯೋಮ್ ದ ಲೋರಿಸ್ ಅರ್ಧಕ್ಕೆ ಬಿಟ್ಟ ಈ ಸ್ವಪ್ನಕಥೆಯನ್ನು ಸುಮಾರು 40 ವರ್ಷಗಳ ಮೇಲೆ ಜಾನ್ ದ ಮ್ಯೂನ್ ಮುಗಿಸಿದನು. ಅದರ ಸುಮಾರು 300 ಹಸ್ತಪ್ರತಿಗಳು ಇಂದಿಗೂ ಉಳಿದಿವೆ. ಹದಗೊಳಿಸಿದ ಚರ್ಮದ ಹಾಳೆ, ಬಂಗಾರದ ರೇಕು, ದೂರದ ಆಫ್ಘಾನಿಸ್ತಾನದ ನೀಲಿ ಕಲ್ಲನ್ನು ಅರೆದು ಮಾಡಿದ ಬಣ್ಣ. ತೋಟದ ಗೋಡೆಯ ಹೊರಗೆ ಪ್ರೇಮಿ, ಒಳಗೆ ಗುಲಾಬಿ. ಕಣ್ಣಿಗೆ ಹಬ್ಬವೇ ಸರಿ. ಆದರೆ ಜಾನನ ಭಾಗದಲ್ಲಿ ಹೆಂಗಸರನ್ನು ಕುರಿತು ಬರುವ ಹೀನವಾದ ಮಾತುಗಳೂ ಅದೇ ಬಂಗಾರದ ನಡುವೆ ಕುಳಿತಿವೆ. ಇದನ್ನು ಎದುರಿಸಿದ ವಿಧವೆಯ ಜೀವನವೇ ನನಗೆ ಆ ಕಾವ್ಯಕ್ಕಿಂತ ಹಿರಿದಾಗಿ ಕಾಣುತ್ತದೆ.

ಕ್ರಿಸ್ತೀನ್ ದ ಪಿಜಾನ್ 1364ರಲ್ಲಿ ವೆನಿಸ್ಸಿನಲ್ಲಿ ಹುಟ್ಟಿದಳು. ತಂದೆ ಫ್ರಾನ್ಸಿನ ದೊರೆ ಐದನೆಯ ಚಾರ್ಲ್ಸನ ಆಸ್ಥಾನ ಜ್ಯೋತಿಷಿಯಾದುದರಿಂದ ಆಕೆ ಬೆಳೆದುದು ಪ್ಯಾರಿಸ್ಸಿನಲ್ಲಿ. ಹದಿನೈದಕ್ಕೆ ಮದುವೆ. 1390ರಲ್ಲಿ ಗಂಡ ತೀರಿಕೊಂಡನು. ಮಕ್ಕಳು, ತಾಯಿ, ಎಲ್ಲರ ಹೊರೆಯೂ ಆಕೆಯದೇ. ಗಂಡನಿಗೆ ಸಲ್ಲಬೇಕಾದ ಹಣಕ್ಕಾಗಿ ವರ್ಷಗಟ್ಟಲೆ ನ್ಯಾಯಾಲಯದ ಅಲೆದಾಟ. ಆಕೆ ಮರುಮದುವೆಯಾಗಲಿಲ್ಲ, ಲೇಖನಿಯಿಂದಲೇ ಸಂಸಾರ ಸಾಕಿದಳು.

1401ರಲ್ಲಿ ರಾಜನ ಕಾರ್ಯದರ್ಶಿ ಜಾನ್ ದ ಮೊಂತ್ರೋಯಿ ಆ ಕಾವ್ಯವನ್ನು ಹೊಗಳಿ ಬರೆದನು. (ಆ ಕಾಲದ ಫ್ರಾನ್ಸಿನಲ್ಲಿ ಜಾನರಿಗೆ ಬರವಿರಲಿಲ್ಲ!) ಕ್ರಿಸ್ತೀನ್ ಖಂಡಿಸಿ ಪತ್ರ ಬರೆದಳು. ವಿದ್ವಾಂಸರಿಬ್ಬರು ಆಕೆಯ ಮೇಲೆ ಬಿದ್ದರು. ಪ್ಯಾರಿಸ್ ವಿಶ್ವವಿದ್ಯಾಲಯದ ಕುಲಾಧಿಪತಿ ಜೆರ್ಸೊನ್ ಆಕೆಯ ಪಕ್ಷ ಹಿಡಿದನು. ಈ ವಾದದ ಪತ್ರಗಳನ್ನೆಲ್ಲ ಕೂಡಿಸಿ 1402ರಲ್ಲಿ ಆಕೆ ರಾಣಿ ಇಸಬೋಳಿಗೆ ಒಪ್ಪಿಸಿದಳು.

ಬಂಗಾರ ಬಳಿದ ಗ್ರಂಥವನ್ನು ಬರಿಯ ಪತ್ರಗಳಿಂದ ಗೆಲ್ಲಲಾಗದೆಂದು ಆಕೆ ಅರಿತಿದ್ದಳೆಂದೇ ನನ್ನ ಎಣಿಕೆ. ತನ್ನ ಕೃತಿಗಳ ಪ್ರತಿಗಳನ್ನು ತಾನೇ ಮುಂದೆ ನಿಂತು ಬರೆಯಿಸಿದಳು, ಚಿತ್ರ ಹಾಕಿಸಿದಳು. 1405ರ ‘ಸ್ತ್ರೀಯರ ನಗರ’ದಲ್ಲಿ ಅನಸ್ತೇಸ್ ಎಂಬ ಚಿತ್ರಗಾರ್ತಿಯನ್ನು ಹೆಸರಿಸಿ, ಪುಟದ ಅಂಚು ಚಿತ್ರಿಸುವುದರಲ್ಲಿ ಪ್ಯಾರಿಸ್ಸಿನಲ್ಲಿ ಅವಳಿಗೆ ಸಮಾನರಿಲ್ಲವೆಂದು ಹೊಗಳಿದ್ದಾಳೆ. ಸುಮಾರು 1414ರಲ್ಲಿ ರಾಣಿಗಾಗಿ ಸಿದ್ಧವಾದ ಮಹಾಗ್ರಂಥ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿ 130ಕ್ಕೂ ಹೆಚ್ಚು ಚಿತ್ರಗಳಿವೆ. ಮೊದಲನೆಯದರಲ್ಲಿ ನೀಲಿ ಉಡುಪಿನ ಕ್ರಿಸ್ತೀನ್ ಮಂಡಿಯೂರಿ ರಾಣಿಗೆ ಗ್ರಂಥ ನೀಡುತ್ತಿದ್ದಾಳೆ. ಸುತ್ತ ಕುಳಿತವರೆಲ್ಲರೂ ಹೆಂಗಸರೇ.

1418ರಲ್ಲಿ ಅಂತಃಕಲಹದಿಂದ ಪ್ಯಾರಿಸ್ ರಕ್ತದಲ್ಲಿ ಮುಳುಗಿದಾಗ ಆಕೆ ಸನ್ಯಾಸಿನಿಯರ ಮಠವೊಂದನ್ನು ಸೇರಿದಳು. 1429ರಲ್ಲಿ ಹಳ್ಳಿಯ ಹುಡುಗಿ ಜೋನ್ ಆಫ್ ಆರ್ಕ್ ಸೈನ್ಯ ನಡೆಸಿ ಗೆದ್ದ ಸುದ್ದಿ ಆ ಮಠಕ್ಕೂ ಮುಟ್ಟಿತು. ಅರವತ್ತೈದರ ಮುದುಕಿ ಮತ್ತೆ ಲೇಖನಿ ಹಿಡಿದು ಆ ಹುಡುಗಿಯ ಮೇಲೆ ಒಂದು ಕವಿತೆ ಬರೆದಳು.