ಗಾಂಧಿಗ್ರಾಮದ ಡಾ. ಸೌಂದರಂ

ದಿಂಡಿಗಲ್‌ನಿಂದ ಮಧುರೆಗೆ ಹೋಗುವ ದಾರಿಯಲ್ಲಿ, ಸಿರುಮಲೆಯ ತಪ್ಪಲಲ್ಲಿ ಗಾಂಧಿಗ್ರಾಮವಿದೆ. ಅದರ ಪಶ್ಚಿಮಕ್ಕೆ ತೇನಿ ಮತ್ತು ಕಂಬಂ ಕಣಿವೆ. ಅಲ್ಲಿ ತಲೆಮಾರುಗಳಿಂದ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಒಕ್ಕಲು ಕುಟುಂಬಗಳಿವೆ. ಈ ಸೀಮೆಯ ಬಡವರ ಮಕ್ಕಳಿಗೆ ಅಕ್ಷರವನ್ನೂ ಕಸುಬನ್ನೂ ಒಟ್ಟಿಗೆ ದೊರಕಿಸಿದ ಡಾ. ಸೌಂದರಂ ರಾಮಚಂದ್ರನ್ ಅವರನ್ನು ನಮ್ಮ ಶಾಲೆಯ ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ನಾವು ಗೌರವದಿಂದ ಸ್ಮರಿಸುತ್ತೇವೆ.

ಸೌಂದರಂ ಜನಿಸಿದ್ದು 1904ರಲ್ಲಿ. ತಂದೆ ಟಿ. ವಿ. ಸುಂದರಂ ಅಯ್ಯಂಗಾರ್ ಸಾರಿಗೆ ಉದ್ಯಮದಲ್ಲಿ ಹೆಸರಾದವರು. ಮನೆಯಲ್ಲಿ ಸಿರಿಯಿತ್ತು; ಆದರೆ ವಿಧಿ ಕರುಣೆ ತೋರಲಿಲ್ಲ. ಎಳೆಯ ವಯಸ್ಸಿನಲ್ಲಿ ವಿವಾಹವಾಗಿ, ವೈದ್ಯರಾಗಿದ್ದ ಪತಿಯನ್ನು ಅಕಾಲದಲ್ಲಿ ಕಳೆದುಕೊಂಡರು. ವಿಧವೆಯಾದವಳು ಮನೆಯ ಮೂಲೆ ಸೇರಬೇಕೆಂಬ ಕಾಲವದು. ಅವರು ದೆಹಲಿಗೆ ತೆರಳಿ, ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, 1936ರಲ್ಲಿ ವೈದ್ಯ ಪದವಿ ಪಡೆದರು. ಅಲ್ಲಿ ಸಹಪಾಠಿ ಸುಶೀಲಾ ನಯ್ಯರ್ ಅವರ ಸ್ನೇಹದಿಂದ ಗಾಂಧೀಜಿಯವರ ಸಂಪರ್ಕ ಒದಗಿತು. 1940ರಲ್ಲಿ ಗಾಂಧೀಜಿಯವರ ಆಶೀರ್ವಾದದೊಡನೆ, ಜಾತಿಯ ಗೆರೆ ದಾಟಿ, ಕೇರಳದ ಜಿ. ರಾಮಚಂದ್ರನ್ ಅವರನ್ನು ವರಿಸಿದರು.

1947ರಲ್ಲಿ ದಂಪತಿಗಳು ನೇಕಾರರ ಊರಾದ ಚಿನ್ನಾಳಪಟ್ಟಿಯ ಬಳಿ ಗಾಂಧಿಗ್ರಾಮವನ್ನು ಸ್ಥಾಪಿಸಿದರು. ಪುಟ್ಟ ಚಿಕಿತ್ಸಾಲಯವೊಂದು ಮುಂದೆ ಕಸ್ತೂರ್ಬಾ ಆಸ್ಪತ್ರೆಯಾಗಿ ಬೆಳೆಯಿತು. ಅನಾಥ ಶಿಶುಗಳಿಗೂ ದಿಕ್ಕಿಲ್ಲದ ಹೆಂಗಸರಿಗೂ ಅಲ್ಲಿ ಆಸರೆ ದೊರೆಯಿತು. ಗ್ರಾಮಸೇವೆಯ ತರಬೇತಿ, ಮೂಲಶಿಕ್ಷಣ ಶಾಲೆ, ಖಾದಿ ಹಾಗೂ ಗ್ರಾಮೋದ್ಯೋಗಗಳು ಒಂದೊಂದಾಗಿ ಕೂಡಿಕೊಂಡವು. 1956ರಲ್ಲಿ ಆರಂಭವಾದ ಗ್ರಾಮೀಣ ಸಂಸ್ಥೆ 1976ರಲ್ಲಿ ವಿಶ್ವವಿದ್ಯಾನಿಲಯದ ಮಾನ್ಯತೆ ಪಡೆಯಿತು.

ಬಡವರ ಮಗುವಿಗೆ ಕಸುಬು, ಉಳ್ಳವರ ಮಗುವಿಗೆ ಓದು ಎಂಬ ಹಂಚಿಕೆ ನಮ್ಮ ನಾಡಿನಲ್ಲಿ ಹಳೆಯದು. ಸೌಂದರಂ ಅವರು ಕಟ್ಟಿದ ಸಂಸ್ಥೆ ಈ ಹಂಚಿಕೆಯನ್ನು ಒಪ್ಪಲಿಲ್ಲ. ರಾಟೆ ಹಿಡಿದ ಕೈಗೆ ಪುಸ್ತಕವೂ ಬೇಕು, ಪುಸ್ತಕ ಹಿಡಿದ ಕೈಗೆ ದುಡಿಮೆಯ ಹದವೂ ಬೇಕು ಎಂಬುದೇ ಅದರ ತಿರುಳು. ಉಚಿತವೆಂದರೆ ಭಿಕ್ಷೆಯಲ್ಲ; ಪಡೆದವರು ತಮ್ಮ ಕಾಲ ಮೇಲೆ ನಿಲ್ಲುವಂತೆ ಮಾಡುವ ಸಮಾಜದ ಹೊಣೆ. ಓದೇ ತಮ್ಮನ್ನು ಮೂಲೆಯಿಂದ ಎತ್ತಿ ನಿಲ್ಲಿಸಿತ್ತೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

1962ರಲ್ಲಿ ದಿಂಡಿಗಲ್‌ನಿಂದ ಲೋಕಸಭೆಗೆ ಆಯ್ಕೆಯಾಗಿ, ಕೇಂದ್ರದಲ್ಲಿ ಶಿಕ್ಷಣ ಖಾತೆಯ ಉಪಮಂತ್ರಿಯಾದರು. ಅದೇ ವರ್ಷ ಪದ್ಮಭೂಷಣ ಪುರಸ್ಕಾರ ಸಂದಿತು. 1984ರಲ್ಲಿ ತೀರಿಕೊಂಡರು.

ನೂರು ವರ್ಷ ಕಂಡ ಶಾಲೆ ತನ್ನ ಸಾಧಕರ ಪಟ್ಟಿಯನ್ನು ಹೆಮ್ಮೆಯಿಂದ ಓದುವುದು ಸಹಜ. ಫಲಕದಲ್ಲಿ ಹೆಸರಿಲ್ಲದವರೂ ಇದ್ದಾರೆ: ನಡುವೆಯೇ ಓದು ಬಿಟ್ಟು ಹೊಲಕ್ಕೆ, ಗದ್ದೆಗೆ, ಕೂಲಿಗೆ ಹೋದ ಮಕ್ಕಳು. ಅವರ ಕೈಗೆ ಶಾಲೆ ಏನನ್ನು ಕೊಟ್ಟು ಕಳುಹಿಸುತ್ತದೆ ಎಂಬ ಪ್ರಶ್ನೆಯನ್ನು ಈ ತಾಯಿಯ ಬಾಳು ನಮ್ಮೆಲ್ಲರ ಮುಂದಿಡುತ್ತದೆ. ಎರಡನೆಯ ಶತಮಾನಕ್ಕೆ ಹೆಜ್ಜೆಯಿಡುವಾಗ ನಾವು ಹೊತ್ತೊಯ್ಯಬೇಕಾದ ಪ್ರಶ್ನೆ ಅದು.