ಯುವ ವೈದ್ಯರ ಗುರು ಸಂತ ಜೋಸೆಫ್ ಮೊಸ್ಕಾತಿ

ಇಟಲಿಯ ಬೆನೆವೆಂತೊದಲ್ಲಿ 1880ರಲ್ಲಿ ಜನಿಸಿದ ಸಂತ ಜೋಸೆಫ್ ಮೊಸ್ಕಾತಿಯವರು 1903ರಲ್ಲಿ ನೇಪಲ್ಸ್‌ನಲ್ಲಿ ವೈದ್ಯ ಪದವಿ ಪಡೆದರು. 1906ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದಾಗ ತೊರೆ ದೆಲ್ ಗ್ರೇಕೊ ಆಸ್ಪತ್ರೆಯ ರೋಗಿಗಳನ್ನೆಲ್ಲ ಹೊರಗೆ ಸಾಗಿಸಿದರು. ಬಳಿಕ ಬೂದಿಯ ಭಾರಕ್ಕೆ ಮಾಡು ಕುಸಿಯಿತು. ಆಗ ಅವರಿಗೆ ಕೇವಲ 25 ವರ್ಷ.

ಮುಂದೆ ಯುವ ವೈದ್ಯರನ್ನು ರೋಗಿಯ ಹಾಸಿಗೆಯ ಬಳಿಯೇ ನಿಲ್ಲಿಸಿಕೊಂಡು ಕಲಿಸಿದರು. ದೂರ ಹೋದ ಶಿಷ್ಯರಿಗೆ ಪತ್ರ ಬರೆದು ಧೈರ್ಯ ತುಂಬಿದರು. ದಿನನಿತ್ಯದ ಬಲಿಪೂಜೆ ಅವರಿಗೆ ಬಲವಾಗಿತ್ತು. 1927ರ ಏಪ್ರಿಲ್ 12ರಂದು ರೋಗಿಗಳನ್ನು ನೋಡುತ್ತಿರುವಾಗಲೇ ಅಸ್ವಸ್ಥರಾಗಿ, 46ರ ಪ್ರಾಯದಲ್ಲಿ ನಿಧನರಾದರು. 1987ರಲ್ಲಿ ಪೋಪ್ ದ್ವಿತೀಯ ಜಾನ್ ಪಾಲ್ ಅವರನ್ನು ಸಂತರೆಂದು ಘೋಷಿಸಿದರು.

ನಮ್ಮ ಧರ್ಮಕೇಂದ್ರಗಳ ಮಕ್ಕಳೂ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ರಾತ್ರಿಯಿಡೀ ದುಡಿದು ಕಲಿಯುತ್ತಿದ್ದಾರೆ. ಅವರಿಗೂ ಇಂಥ ಹಿರಿಯರು ಬೇಕು. ನಾವು ಅವರಿಗಾಗಿ ಪ್ರಾರ್ಥಿಸೋಣ. ಅವರ ಊಟ, ನಿದ್ದೆಯನ್ನೂ ವಿಚಾರಿಸೋಣ.